ಎಂಟನೇ ರೀಲು

…ಅಲ್ಲ ಕಣೇ ಸಿಯಾಂಗ್, ಪ್ಲಾಸ್ಟಿಕ್ ಕುರ್ಚಿ ಮೇಲೆ ಎರಡೂವರೆ ಗಂಟೆ ಕೂರೋದು ಅಂದ್ರೆ ಹುಡುಗಾಟನಾ, ಆ ಮಂಡಿ ಇಟ್ಕೊಂಡು? ಹೋದ ಭಾನುವಾರ ಚರ್ಚಿನಲ್ಲಿ ಒಂದು ಗಂಟೆ ಕೂತು ಬಂದಿದ್ದಕ್ಕೆ ಮೂರು ದಿನ ಶುಂಠಿ ಎಣ್ಣೆ ಹಚ್ಚಿ ತಿಕ್ಕಿದೀನಿ ನಾನು. ಈ ಕೈ ಮೂಸಿ ನೋಡು, ವಾಸನೆ ಇನ್ನೂ ಹೋಗಿಲ್ಲ. ಮೇಲೆ ತಗಡಿನ ಮಾಡು, ಮಧ್ಯಾಹ್ನ ಮೂರು ಗಂಟೆ ಬಿಸಿಲು, ಬೆಳಕು ಬರಬಾರದು ಅಂತ ಸುತ್ತ ಕಪ್ಪು ಬಟ್ಟೆ ಬೇರೆ ಕಟ್ಟಿದಾರಂತೆ. ಅದು ಬ್ಯಾಸ್ಕೆಟ್‌ಬಾಲ್ ಅಂಗಳ ಅಲ್ಲ, ಅನ್ನ ಬೇಯಿಸೋ ಪಾತ್ರೆ. ಬೆಂದು ಹೋಗ್ತೀಯ.

ಏನಾದ್ರೂ ಅನ್ನು… ಹ್ಞಾಂ, ಬಾಯಲ್ಲಿ ಪಿನ್ನಿದೆ. ಸರಿ, ತುರುಬು ಕಟ್ಟಿ ಮುಗಿಸು, ಆಮೇಲೆ ಮಾತಾಡು. ನೀಲಿ ಫ್ರಾಕು ಬೇರೆ ಹಾಕಿದೀಯ. ಮೊಮ್ಮಗಳ ನಾಮಕರಣಕ್ಕೆ ಅಂತ ಹೊಲಿದುಕೊಂಡಿದ್ದು. ಒಂದು ಹಳೇ ಸಿನಿಮಾಕ್ಕೆ ಇಷ್ಟು ಸಿಂಗಾರ ಯಾಕೇ?

ನೋಡು, ಒಂದು ಕೆಲಸ ಮಾಡೋಣ. ಇಲ್ಲೇ ಕಿಟಕಿ ಹತ್ರ ಕೂರೋಣ, ಫ್ಯಾನು ಹಾಕ್ಕೊಂಡು. ಕಾಫಿ ನಾನೇ ಕಾಸ್ತೀನಿ. ಪೂರ್ತಿ ಕತೆ ನಾನೇ ಹೇಳ್ತೀನಿ. ಪೆರ್ಲಾಸ್ ಟಾಕೀಸಿನಲ್ಲಿ ಹತ್ತೊಂಬತ್ತು ವರ್ಷ ಸಿನಿಮಾ ಓಡಿಸಿದವನು ನಾನು, ಈ ತೆಯೋ. ಬೇರೆ ಸಿನಿಮಾ ಎಲ್ಲಾ ಮರೆತೆ, ಆ ಮತ್ಸ್ಯಕನ್ಯೆಯ ಕತೆ ಮಾತ್ರ ಒಂದು ಕೆಮ್ಮೂ ಬಿಡದೆ ನೆನಪಿದೆ. ಅವಳು ಮೊದಲ ಸಲ ಮಾರ್ಕೆಟ್ಟಿಗೆ ಹೋಗ್ತಾಳಲ್ಲ… ಒಣಮೀನಿನ ಅಂಗಡಿ ಮುಂದೆ ನಿಂತು ಒಂದೊಂದೇ ಮೀನಿಗೆ ಕೈ ಮುಗಿದು, ದೊಡ್ಡಮ್ಮ, ನಿಮಗೇನಾಯ್ತು ಅಂತ ಕೇಳ್ತಾಳಲ್ಲ. ಟಾಕೀಸು ಬಿದ್ದು ಬಿದ್ದು ನಗ್ತಿತ್ತು. ಚಪ್ಪಲಿ ಕೊಟ್ರೆ ಕೈಗೆ ಹಾಕ್ಕೊಂಡು ನೋಡ್ತಾಳಲ್ಲ…

ಆ ನೀರು ಹೊರೋದು! ಹುಡುಗ ಹೆಣ್ಣು ಕೇಳೋಕೆ ಹೋಗ್ತಾನೆ. ಅವಳಮ್ಮ ಬಂಡೆ ಮೇಲೆ ಕೂತ್ಕೊಂಡು, ನಮ್ಮ ಹುಡುಗಿ ಬೇಕು ಅಂದ್ರೆ ಪದ್ಧತಿ ಪ್ರಕಾರ ಮೂರು ತಿಂಗಳು ನಮ್ಮನೆಗೆ ನೀರು ಹೊರಬೇಕಪ್ಪಾ ಅಂತಾಳೆ. ಇವನು ಪೆದ್ದ, ದಿನಾ ಬಾವಿಯಿಂದ ಎರಡೆರಡು ಕೊಡ ತುಂಬಿಕೊಂಡು ಬಂದು ಸಮುದ್ರಕ್ಕೆ ಸುರೀತಾನೆ. ಬಂಡೆ ಮೇಲಿನ ಅತ್ತೆ, ಇವತ್ತು ಸ್ವಲ್ಪ ಕಡಿಮೆ ತಂದೆ ಅಂತಾಳೆ…

ನಗ್ತೀಯಾ? ನೋಡು, ಪಿನ್ನು ಬಿತ್ತು. ನಗು, ನಗು. ನಿಮ್ಮಪ್ಪನ ಮನೆಗೆ ನಾನು ಹೊತ್ತ ನೀರೂ ಸಮುದ್ರಕ್ಕೆ ಸುರಿದಿದ್ದೇ. ಹೊಸ್ತಿಲಲ್ಲೇ ಕೂತು, ತೆಯೋ, ಹಂಡೆ ಇನ್ನೂ ತುಂಬಿಲ್ಲ ಅಂತಿದ್ದ ಪುಣ್ಯಾತ್ಮ. ನೀನು ಒಳಗೆ ಹೊಲಿಗೆ ಮಿಷನ್ನು ತುಳೀತಾ ತಲೆ ಕೂಡ ಎತ್ತುತಿರಲಿಲ್ಲ.

ನಲವತ್ತೊಂದು ವರ್ಷ ಆಯ್ತು. ಇವತ್ತಿಗೂ ನಮ್ಮೂರಲ್ಲಿ ಯಾವ ಮದುಮಗಳೂ ಚರ್ಚಿನ ಮೆಟ್ಟಿಲನ್ನ ಹೈಹೀಲ್ಸಿನಲ್ಲಿ ಹತ್ತಲ್ಲ. ಆ ಮೀನುಹುಡುಗಿ ಹೊಸ ಕಾಲು ನೋಯುತ್ತೆ ಅಂತ ಮದುವೆ ಲಂಗದ ಕೆಳಗೆ ರಬ್ಬರ್ ಚಪ್ಪಲಿ ಹಾಕಿದ್ಳಲ್ಲ, ಅದೇ ಶಾಸ್ತ್ರ ಆಗಿಹೋಯ್ತು. ನೀನೂ ಅದನ್ನೇ ಹಾಕಿದ್ದೆ. ಹಸಿರು ಪಟ್ಟಿಯದ್ದು. ನೀನು ಹೊಲಿದು ಕೊಟ್ಟ ಮದುವೆ ಲಂಗಗಳೆಲ್ಲ ಚಪ್ಪಲಿ ಅಳತೆಗೇ ಇದ್ವು. ಪಕ್ಕದೂರು ಸಾಂತೋಲಿನವರು ನಕ್ಕರೆ ನಗಲಿ ಬಿಡು…

ಏನು ಹಾಗೆ ನೋಡ್ತೀಯ? ಸಾಂತೋಲಿನವರ ಮಾತು ಯಾಕೆ ಎತ್ತಿದೆ ಅಂತಲಾ? ಸುಮ್ನೆ ಬಂತು ಬಾಯಿಗೆ.

ಅವರೂ ಬರ್ತಾರಂತೆ ಇವತ್ತು. ನಮ್ಮೂರಿಗೂ ಅವರೂರಿಗೂ ಇದೊಂದೇ ಜಗಳ ಮುಗಿದಿಲ್ಲ. ಮೀನುಹುಡುಗಿ ಮದುವೆಯಾಗಿ ನೆಲದ ಮೇಲೇ ಉಳಿದಳು ಅಂತ ನಾವು. ಇಲ್ಲ, ಸಮುದ್ರಕ್ಕೆ ವಾಪಸ್ ಹೋದಳು ಅಂತ ಅವರು. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ನಮ್ಮ ಹುಡುಗರನ್ನ 'ಮೀನಿನ ಬೀಗರು' ಅಂತ ಕೂಗಿ ಕೂಗಿ ಹಲ್ಲು ಉದುರಿಸ್ಕೊಂಡರು. ಈಗ ಮನಿಲಾದಲ್ಲಿ ಯಾವುದೋ ಗೋದಾಮಿನಲ್ಲಿ ಪೂರ್ತಿ ಪ್ರತಿ ಸಿಕ್ಕಿದೆಯಂತೆ, ತೊಳೆದು ಹೊಸದು ಮಾಡಿ ತಂದಿದಾರಂತೆ. ಪೂರ್ತಿ. ಎಂಟು ರೀಲೂ.

ಸಿಯಾಂಗ್, ಹೋಗಬೇಡ ಕಣೇ.

ಮಂಡಿಗಲ್ಲ. ಬಿಸಿಲಿಗೂ ಅಲ್ಲ. ತಾಳು, ಹೇಳ್ತೀನಿ. ನೀನು ಅಲ್ಲಿ ಕತ್ತಲಲ್ಲಿ ಕೂತು ನೋಡೋದಕ್ಕಿಂತ ನನ್ನ ಬಾಯಿಂದಲೇ ಕೇಳು.

ಸಾಂತೋಲಿನವರು ಹೇಳೋದೇ ನಿಜ.

ಆಗ ಎರಡೂರಿಗೂ ಒಂದೇ ಪ್ರತಿ ಬರ್ತಿತ್ತು, ಗೊತ್ತಲ್ಲ ನಿನಗೆ. ಇಲ್ಲಿ ಒಂದು ರೀಲು ಓಡಿ ಮುಗಿದ ತಕ್ಷಣ ಡಬ್ಬಿಗೆ ತುಂಬಿ ಟ್ರೈಸಿಕಲ್ಲಿನಲ್ಲಿ ಸಾಂತೋಲಿಗೆ ಓಡಿಸ್ತಿದ್ವಿ. ಇಲ್ಲಿ ಮೂರನೇದು ಓಡ್ತಾ ಇದ್ರೆ ಅಲ್ಲಿ ಎರಡನೇದು. ಏಳನೇ ರೀಲು ಮುಗಿಯೋದು ಮದುವೆಯಲ್ಲಿ. ಪಾದ್ರಿ ಕೇಳ್ತಾನೆ, ಅವಳು ಹ್ಞೂಂ ಅಂತಾಳೆ, ಬಾಯಿಂದ ಒಂದು ನೀರುಗುಳ್ಳೆ ಬರುತ್ತೆ, ಜನ ನಗ್ತಾರೆ. ನಾನು ಅಲ್ಲಿಗೇ ದೀಪ ಹಾಕಿಬಿಟ್ಟೆ. ಎಂಟನೇದನ್ನ ಇಲ್ಲಿ ಓಡಿಸದೆ ನೇರ ಟ್ರೈಸಿಕಲ್ಲಿಗೆ ಹಾಕಿದೆ. ಮೂರು ದಿನವೂ ಹಾಗೇ ಮಾಡಿದೆ. ಯಾರಿಗೂ ಅನುಮಾನ ಬರಲಿಲ್ಲ. ಮದುವೆ ಆದಮೇಲೆ ಇನ್ನೇನಿರುತ್ತೆ ಕತೆಯಲ್ಲಿ?

ಯಾಕೆ ಅಂತ ಕೇಳು. ಕೇಳಲ್ವಾ? ಟಿಕೆಟ್ಟಿನ ಸಾಲಿನಲ್ಲಿ ನಿಂತು ನೀನು ನಿನ್ನ ಗೆಳತಿ ಲೂರ್ದಿಂಗ್ ಹತ್ರ ಹೇಳಿದ್ದು ಮೇಲೆ ನನ್ನ ಕಿಟಕಿಗೆ ಕೇಳಿಸ್ತು ಕಣೇ. ಗುರುವಾರದ ಹಡಗಿಗೆ ಟಿಕೆಟ್ಟಿದೆ, ಎಪಾಂಗ್ ಚಿಕ್ಕಮ್ಮ ಮನಿಲಾದಲ್ಲಿ ಹೊಲಿಗೆ ಅಂಗಡಿಯಲ್ಲಿ ಜಾಗ ಮಾಡಿಟ್ಟಿದಾಳೆ, ಹೋಗ್ಲೋ ಬೇಡವೋ ತಿಳೀತಿಲ್ಲ. ಆ ಮೀನುಹುಡುಗಿ ಏನು ಮಾಡ್ತಾಳೋ ನಾನೂ ಅದನ್ನೇ ಮಾಡ್ತೀನಿ, ಅಂದೆ. ನಗ್ತಾ ಅಂದೆ. ತಮಾಷೆಗೇ ಅಂದಿರಬೇಕು. ಆದ್ರೆ ಬೆಳಿಗ್ಗೆಯೇ ಪೂರ್ತಿ ಓಡಿಸಿ ನೋಡಿದ್ದೆ ನಾನು. ಎಂಟನೇ ರೀಲಿನಲ್ಲಿ ಅವಳು ಏನು ಮಾಡ್ತಾಳೆ ಅಂತ ಈ ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಇಪ್ಪತ್ತಾರು ವರ್ಷದ ಹುಡುಗ. ಎರಡು ತಿಂಗಳು ನೀರು ಹೊತ್ತಿದ್ದೆ. ಇನ್ನೇನು ಮಾಡಲಿ ಹೇಳು?

ನೀನು ಕಣ್ಣೊರೆಸಿಕೊಂಡು ನಗ್ತಾ ಹೊರಗೆ ಬಂದೆ. ಗುರುವಾರ ಹಡಗು ಹೋಯ್ತು, ನೀನು ಹೋಗಲಿಲ್ಲ. ಅಷ್ಟೇ. ಆ ಎಂಟನೇ ರೀಲನ್ನ ಮನಿಲಾಕ್ಕೆ ವಾಪಸ್ ಕಳಿಸಲಿಲ್ಲ, ಹಡಗಿಗೆ ಏರಿಸುವಾಗ ಕಡಲಿಗೆ ಬಿತ್ತು ಅಂದೆ. ಬೈಸಿಕೊಂಡೆ. ಇಷ್ಟೇ ಕಣೇ ನಾನು ಮಾಡಿದ ತಪ್ಪು. ಒಂದು ಸಿನಿಮಾದ ಬಾಲ ಕತ್ತರಿಸಿದೆ.

ಬೈಯಿ ಈಗ. ತುರುಬು ಮುಗೀತು, ಬಾಯಲ್ಲಿ ಪಿನ್ನೂ ಇಲ್ಲ… ಆಶ್ಚರ್ಯವೂ ಇಲ್ಲ ನಿನ್ನ ಮುಖದಲ್ಲಿ. ಗೊತ್ತಿತ್ತಾ? ಗೊತ್ತಿರುತ್ತೆ. ಲೂರ್ದಿಂಗನ್ನ ಸಾಂತೋಲಿಗೇ ಕೊಟ್ಟಿದ್ದಲ್ವಾ, ಹೇಳದೆ ಬಿಟ್ಟಾಳಾ ಅವಳು? ಗೊತ್ತಿದ್ದೂ ಉಳಿದೆ ಅನ್ನು! ನಾನೊಬ್ಬ ಹುಚ್ಚ, ಇಷ್ಟು ವರ್ಷ ಹೆದರಿಕೊಂಡೇ ಬದುಕಿದೆ. ಉಸ್ಸಪ್ಪಾ… ಸರಿ, ನಡಿ ಹಾಗಾದ್ರೆ. ನಾನೂ ಅಂಗಿ ಹಾಕ್ಕೊಂಡು ಬರ್ತೀನಿ.

ಏನು? ಬೀರು ಮೇಲೇನು ನೋಡ್ತೀಯ?

ಅದಾ. ಅದು ರೀಲಿನ ಡಬ್ಬಿ. ಹ್ಞೂಂ, ಅದೇ ಎಂಟನೇದು. ಹೇಳಿದೆನಲ್ಲ ಈಗ. ಅದರಲ್ಲಿ ರೀಲು ಬಿಟ್ರೆ ಬೇರೇನಿಲ್ಲ. ಹುಳಿ ವಾಸನೆ ಬರುತ್ತೆ, ತೆಗೆಯೋದು ಬೇಡ… ಸ್ಟೂಲು ಯಾಕೆ ಎಳೀತೀಯ, ಬೀಳ್ತೀಯ, ಆ ಮಂಡಿ… ಬಿಡು, ನಾನೇ ಇಳಿಸ್ತೀನಿ. ನಾನೇ.

ಇಗೋ. ನೋಡು, ತುಕ್ಕು…

ಇದೇನಿದು ಟೇಪು? ನಾನು ಸುತ್ತಿದ್ದು ಕರಿ ಬಟ್ಟೆ ಟೇಪು. ಇದರ ಮೇಲೆ ಬೆಕ್ಕಿನ ಚಿತ್ರ ಇದೆ. ಮೊಮ್ಮಗಳು ಮಿಕಾಯ್ ಸ್ಕೂಲಿನ ಟೇಪು ಅಲ್ವಾ ಇದು? ಮಗು ಆಟಕ್ಕೆ ತೆಗೆದಿರಬೇಕು. ನೋಡೋಣ… ರೀಲು ಇದೆ. ಹಾಳಾಗಿದೆ, ಅಂಟಿಕೊಂಡಿದೆ, ಆದ್ರೆ ಇದೆ. ಅಡಿಯಲ್ಲಿ… ಎಲ್ಲಿ? ಕಾಗದ ಎಲ್ಲಿ?

…

ಅಲ್ಲ. ಕಾಗದ ಅಂದ್ರೆ… ಡಬ್ಬಿ ಮೇಲೆ ಅಂಟಿಸ್ತಾರಲ್ಲ ಚೀಟಿ, ರೀಲಿನ ನಂಬರು…

ಹಾಗೆ ನೋಡಬೇಡ.

ಆ ಕಾಗದಾನ ಹಡಗಿನವನು ರೀಲಿನ ಡಬ್ಬಿಗಳ ಜೊತೆ ಕೊಟ್ಟ. ನೀನು ಉಳಿದ ಮೂರನೇ ವಾರ. ನಿನ್ನ ಹೆಸರಿತ್ತು, ಹಿಂದುಗಡೆ ಎಪಾಂಗ್ ಚಿಕ್ಕಮ್ಮನ ಹೆಸರು. ದಾರಿಯಲ್ಲಿ ನಿಮ್ಮನೆಗೇ ಕೊಡೋದು ಅಂತ ಅಂಗಿ ಜೇಬಿಗೆ ಹಾಕಿದ್ದೆ. ಆಣೆ ಮಾಡ್ತೀನಿ. ನಿಮ್ಮನೆ ಮುಂದೆ ಬಂದೆ. ಹಿತ್ತಲಲ್ಲಿ ಬಟ್ಟೆ ಹರವ್ತಿದ್ದೆ ನೀನು, ತೆಯೋ, ನೀರು ತರಲ್ವಾ ಇವತ್ತು ಅಂತ ಮೊದಲ ಸಲ ನೀನಾಗೇ ಕೇಳಿದೆ. ಜೇಬಿಂದ ಕೈ ಹೊರಗೇ ಬರಲಿಲ್ಲ ಕಣೇ. ನಾಳೆ ಕೊಡೋಣ ಅಂದ್ಕೊಂಡೆ. ಮದುವೆ ಆಗ್ಲಿ ಅಂದ್ಕೊಂಡೆ. ಆಮೇಲೆ ಮಗು. ಆಮೇಲೆ ಯಾವ ಮುಖ ಇಟ್ಕೊಂಡು?

ಒಡೆದು ಓದಲಿಲ್ಲ ನಾನು. ಅದೊಂದು ಪಾಪ ಮಾಡಲಿಲ್ಲ.

ನೀನು ಮಾತ್ರ… ಸಾಕಿದ ಚಿಕ್ಕಮ್ಮ, ಹೋಗಲಿಲ್ಲ ಅಂತ ಸಿಟ್ಟಿಗೆ ಒಂದು ಗೆರೆ ಕೂಡ ಬರೀಲಿಲ್ಲ ಅಂತ ಎಷ್ಟು ವರ್ಷ ಕೊರಗಿದೆ. ನೀನು ಬರೆದು ಬರೆದು ಹರಿದು ಹಾಕ್ತಿದ್ದೆ, ಅವಳೇ ಮೊದಲು ಬರೀಲಿ ಅಂತಿದ್ದೆ. ಸತ್ತ ಸುದ್ದಿ ಬಂದಾಗ ಮನಿಲಾಕ್ಕೆ ಹೋಗಲೂ ಇಲ್ಲ. ನಾನವಳಿಗೆ ಏನೂ ಅಲ್ಲ, ಅವಳೂ ನನಗೆ ಏನೂ ಅಲ್ಲ ಅಂದೆ. ನಾನು ಪಕ್ಕದಲ್ಲೇ ಕೂತು ನಿನ್ನ ಬೆನ್ನು ಸವರ್ತಿದ್ದೆ. ಈ ಡಬ್ಬಿ ಅಲ್ಲೇ ಬೀರು ಮೇಲಿತ್ತು.

ಯಾವಾಗ ತೆಗೆದೆ? ಹೇಳು. ಆ ಬೆಕ್ಕಿನ ಟೇಪು ಮಿಕಾಯ್ ಒಂದನೇ ಕ್ಲಾಸಿನಲ್ಲಿದ್ದಾಗಿನದು. ಎರಡು ವರ್ಷ…

ಆ ವರ್ಷ ಸತ್ತವರ ಹಬ್ಬಕ್ಕೆ ಸಮಾಧಿಗಳ ಹತ್ರ ಮೇಣದಬತ್ತಿ ಹಚ್ಚುವಾಗ ಒಂದು ಜಾಸ್ತಿ ಹಚ್ಚಿದೆ ನೀನು. ನಿಮ್ಮಪ್ಪಂದು, ಅಮ್ಮಂದು, ಸತ್ತ ಮಗೂದು, ಇನ್ನೊಂದು. ಅದು ಯಾರಿಗೆ ಅಂತ ಕೇಳಿದೆ. ನೀನು ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡ್ಕೊಂಡು ಕೂತೆ. ನಾನು ಎದ್ದು ಹೋಗಿ ಜೋಳ ತಂದು ಕೊಟ್ಟೆ.

ಅಂದ್ರೆ ಎರಡು ವರ್ಷದಿಂದ ನನಗೆ ಅನ್ನ ಬಡಿಸ್ತಾ, ಬೆಳಿಗ್ಗೆ ಕಾಫಿ ಕೊಡ್ತಾ, ಮಂಡಿಗೆ ಎಣ್ಣೆ ತಿಕ್ಕಿಸ್ಕೊಳ್ತಾ… ನಾನಾಗೇ ಹೇಳ್ತೀನಾ ಅಂತ ಕಾಯ್ತಿದ್ದೆಯಾ? ಈಗಲೂ ಹೇಳಲಿಲ್ಲ ನಾನು. ರೀಲು ಅಂದೆ, ಅಷ್ಟೇ ಅಂದೆ, ಬೇರೇನಿಲ್ಲ ಅಂದೆ.

ಏನು ಬರೆದಿದ್ಳು ಸಿಯಾಂಗ್? ಬೈದಿದ್ಳಾ? ಬಾ ಅಂದಿದ್ಳಾ? ಇಷ್ಟು ಹೇಳಿಬಿಡು, ಬಾ ಅಂದಿದ್ಳಾ? ಇಲ್ಲ ಬಿಡು, ಹೇಳಬೇಡ. ಹೇಳು…

ಎಲ್ಲಿಗೆ? ಸಿನಿಮಾಕ್ಕೆ ತಾನೇ? ಅಂಗಳಕ್ಕೇ ತಾನೇ ಹೋಗೋದು? ಬ್ಯಾಗು ಯಾಕೆ ಅಷ್ಟು ದೊಡ್ಡದು ಅಂತ ನಾನು ಕೇಳಲ್ಲ. ಫ್ಯಾನು ಇರುತ್ತೆ, ಅದಕ್ಕೆ ಶಾಲು ಇಟ್ಕೊಂಡಿರ್ತೀಯ. ಅಂಗಿ ಹಾಕ್ಕೊಳ್ಳೋವರೆಗೂ ನಿಲ್ತೀಯಾ? ಗುಂಡಿ… ಗುಂಡಿ ಸಿಗ್ತಿಲ್ಲ. ನನಗೂ ಒಂದು ಕುರ್ಚಿ ಹಿಡಿದಿಡ್ತೀಯಾ, ನಿನ್ನ ಪಕ್ಕ ಬೇಡ, ಹಿಂದುಗಡೆ ಎಲ್ಲಾದ್ರೂ?

ಎಂಟನೇ ರೀಲಿನಲ್ಲಿ ಅವಳು ಚಪ್ಪಲಿ ಎರಡೂ ಮರಳಿನ ಮೇಲೆ ಜೋಡಿಸಿಟ್ಟು ನೀರಿಗಿಳೀತಾಳೆ ಕಣೇ. ಅವನು ಕೊಡ ಹಿಡ್ಕೊಂಡು ನಿಂತಿರ್ತಾನೆ. ಕೂಗ್ತಾನೆ. ಅವಳು ತಿರುಗಿ ನೋಡೋದೇ ಇಲ್ಲ. ಅದಕ್ಕೇ ನಾನು… ಆ ಒಂದಕ್ಕೇ ನಾನು…

ಸಿಯಾಂಗ್, ಒಂದ್ಸಲ ಈ ಕಡೆ ನೋಡೇ.

ಛತ್ರಿ… ಛತ್ರಿ ಇಲ್ಲೇ ಬಿಟ್ಟೆ ಕಣೇ.