ಚಕ್ರಕ್ಕೆ ಕಲ್ಲು ಕೊಡುವ ಮೊದಲು

ನನ್ನ ಹೆಸರು ದತ್ತಮೂರ್ತಿ ಬಿನ್ ಅನಂತಯ್ಯ, ವಯಸ್ಸು 51, ಖಾಸಗಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ, ವಾಸ ಬಾಳಗಡಿ, ಕೊಪ್ಪ ತಾಲ್ಲೂಕು. ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನನ್ನ ಬಳಿ ಹದಿನಾರು ವರ್ಷದ ಬಿಳಿ ಕಾರು ಇದೆ. ಹೊಸದನ್ನು ಕೊಳ್ಳದಿರುವುದು ಬಡತನದಿಂದಲ್ಲ, ಲೆಕ್ಕಾಚಾರದಿಂದ. ಹಳೆಯ ಕಾರಿಗೆ ಫುಲ್ ಇನ್ಶೂರೆನ್ಸ್ ದಂಡ, ಥರ್ಡ್ ಪಾರ್ಟಿ ಸಾಕು ಎಂದು ತರಗತಿಯಲ್ಲೂ ಹೇಳುತ್ತಾ ಬಂದಿದ್ದೇನೆ. ಈ ಪಾಲಿಸಿಯಲ್ಲಿ ಕಾರಿನ ಹೊರಗಿರುವವರಿಗೆ ಪೆಟ್ಟಾದರೆ ಕಂಪನಿ ಪರಿಹಾರ ಕೊಡುತ್ತದೆ, ಒಳಗೆ ಕೂತವರಿಗೆ ಕೊಡುವುದಿಲ್ಲ. ಇದು ನನಗೆ ತಿಳಿದಿತ್ತು. ಈ ಸಲ ಪಾಲಿಸಿ ನವೀಕರಿಸುವಾಗ ನನ್ನ ಹೆಂಡತಿ ಮಲ್ಲಿಕಾ, “ಕಾರಿಗೆ ವಯಸ್ಸಾಯ್ತು ಅಂತ ಒಳಗೆ ಕೂರೋರ ಬೆಲೆನೂ ಇಳೀತದಾ?” ಎಂದು ಕೇಳಿದ್ದಳು. ನಾನು ನಕ್ಕಿದ್ದೆ.

ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಅದಕ್ಕಾಗಿ ಮುಂದಿನ ಎಡ ಸೀಟಿನ ಕೆಳಗೆ ಒಂದು ಜಂಬಿಟ್ಟಿಗೆ ಕಲ್ಲು ಇಟ್ಟುಕೊಂಡಿದ್ದೇನೆ. ಏರಿನಲ್ಲಿ ನಿಂತಾಗ ನಾನು ಬ್ರೇಕ್ ಒತ್ತಿಕೊಂಡಿರುತ್ತೇನೆ. ಪಕ್ಕದಲ್ಲಿ ಕೂತವರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ‘ಆಯ್ತು’ ಎನ್ನುತ್ತಾರೆ. ಆಮೇಲೆ ನಾನು ಕಾಲು ತೆಗೆಯುತ್ತೇನೆ. ಪಕ್ಕದ ಮನೆಯ ಹೂವಪ್ಪನವರು ಇದನ್ನು ಮೇಷ್ಟ್ರ ಆರನೇ ಗೇರು ಎಂದು ತಮಾಷೆ ಮಾಡುತ್ತಿದ್ದರು. ಅವರು ಬಸರೀಕಟ್ಟೆಯ ಎಸ್ಟೇಟೊಂದರಲ್ಲಿ ಜೀಪ್ ಓಡಿಸುತ್ತಾರೆ. ಅವರ ಹೆಂಡತಿ ಸರೋಜ, 44 ವರ್ಷ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರದು ಕಾಲಿನಿಂದ ತುಳಿಯುವ ಮಷಿನ್.

ದಿನಾಂಕ 14-09-2025ರ ಭಾನುವಾರ ಬೆಳಿಗ್ಗೆ ನಾನು ಕೆಲಸದ ಮೇಲೆ ಬಸರೀಕಟ್ಟೆಗೆ ಹೊರಟಿದ್ದೆ. ಮದುವೆ ಮನೆಯೊಂದಕ್ಕೆ ಹೊಲಿದ ರವಿಕೆಗಳನ್ನು ಮುಟ್ಟಿಸಬೇಕೆಂದು ಸರೋಜ ಜೊತೆಗೆ ಬಂದರು. ಬಾಡಿಗೆ ಪಡೆದಿಲ್ಲ. ಸುಮಾರು 10-20ಕ್ಕೆ ಆ ಮನೆಯ ಮುಂದಿನ ಏರಿನಲ್ಲಿ ಕಾರು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕಲ್ಲು ಕೊಡುವಂತೆ ಹೇಳಿದೆ. ಅವರು ಬಾಗಿಲು ತೆರೆದು “ಆಯ್ತು ಸಾರ್” ಎಂದರು. ನಾನು ಆಗ ನನ್ನ ಕಡೆಯ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಿದ್ದೆ. ಕಲ್ಲು ಕೊಟ್ಟಾಯಿತೆಂದು ತಿಳಿದು ಬ್ರೇಕಿನಿಂದ ಕಾಲು ತೆಗೆದೆ.

ಕಾರು ಹಿಂದಕ್ಕೆ ಸರಿಯಿತು. ತೆರೆದ ಬಾಗಿಲು ಅವರನ್ನು ಕೆಡವಿತು. ಮುಂದಿನ ಚಕ್ರ ಏನನ್ನೋ ಹತ್ತಿ ಇಳಿದದ್ದು ನನ್ನ ಸೀಟಿಗೆ ಗೊತ್ತಾಯಿತು. ಬ್ರೇಕ್ ಒತ್ತುವಷ್ಟರಲ್ಲಿ ಹಿಂದಿನ ಚಕ್ರಗಳು ಚರಂಡಿಗೆ ಇಳಿದು ಕಾರು ನಿಂತಿತು. ಬಿದ್ದಲ್ಲೇ ಅವರು ರವಿಕೆಗಳ ಚೀಲವನ್ನು ಮಣ್ಣಿಗೆ ತಾಗದಂತೆ ಎತ್ತಿ ಹಿಡಿದಿದ್ದರು.

ಮದುವೆ ಮನೆಯವರ ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆತಂದೆವು. ದಾರಿಯಲ್ಲಿ ಅವರು, “ನಾನು ಆಯ್ತು ಅಂದದ್ದು ಇಳೀತೀನಿ ಅಂತ ಸಾರ್” ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ, ಅಳತೆ ತಪ್ಪಿದ್ದನ್ನು ತಿಳಿಸುವಂತೆ ಹೇಳಿದರು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಶಿವಮೊಗ್ಗಕ್ಕೆ ಕಳಿಸಿದರು.

ಆಂಬುಲೆನ್ಸ್ ಹೊರಡುವ ಮೊದಲು, ಸುದ್ದಿ ತಿಳಿದು ಬಂದಿದ್ದ ಹೂವಪ್ಪನವರು ನನ್ನನ್ನು ಔಷಧಿ ಅಂಗಡಿಯ ಬದಿಗೆ ಕರೆದರು. ನನ್ನ ಪಾಲಿಸಿ ಎಂಥದೆಂದು ಅವರಿಗೆ ಗೊತ್ತು, ನಾನೇ ಹೇಳಿದ್ದೆ. “ಪೂರ್ತಿ ಇಳಿದು ಹೊರಗೆ ನಿಂತಿದ್ಲು ಅಂತ ಬರೆಸಿ ಮೇಷ್ಟ್ರೆ. ಅವಳ ಕಾಲೂ ಉಳೀತದೆ, ನಿಮ್ಮ ಮನೇನೂ ಉಳೀತದೆ.” ನಾನು ‘ಆಯ್ತು’ ಎಂದೆ. ಕೇಳಿಸಿಕೊಂಡೆ ಎಂಬ ಅರ್ಥದಲ್ಲಿ ಹೇಳಿದೆ ಎಂದು ಈಗ ಹೇಳಬಹುದು. ಆಗ ಯಾವ ಅರ್ಥದಲ್ಲಿ ಹೇಳಿದೆನೆಂದು ನನಗೇ ತಿಳಿಯದು.

ಸಂಜೆಯ ಹೊತ್ತಿಗೆ ಕಾರನ್ನು ಎಳೆಸಿ ಮನೆಗೆ ತರಿಸಿದೆ. ಎಡಗಡೆ ಬಾಗಿಲು ತೆಗೆದು ನೋಡಿದೆ. ಕಲ್ಲು ಸೀಟಿನ ಕೆಳಗೆ ಇದ್ದಲ್ಲೇ ಇತ್ತು. ಅದರ ಮುಂದೆ ಮ್ಯಾಟಿನ ಮೇಲೆ ಸರೋಜರ ಬಲಗಾಲಿನ ಚಪ್ಪಲಿ ಇತ್ತು. ಕೈ ಚಾಚಿ ಅದನ್ನು ಮುಟ್ಟಿದೆ, ಎತ್ತಲಿಲ್ಲ. ಪಕ್ಕದ ಮನೆಯಲ್ಲಿ ಆ ಹೊತ್ತಿಗೆ ದಿನವೂ ಕೇಳುವ ಮಷಿನ್ನಿನ ಸದ್ದು ಇರಲಿಲ್ಲ. ನಾನು ನಮ್ಮ ಮನೆಯ ಹೊಸ್ತಿಲಿನ ಆಚೆ ಎಡಗಾಲಿಟ್ಟು, ಬಲಗಾಲನ್ನು ಈಚೆ ಇಟ್ಟು ನಿಂತೆ. ಯಾರಾದರೂ ಕೇಳಿದರೆ ಮನೆಯಲ್ಲಿದ್ದೇನೆ ಎನ್ನಬಹುದು, ಇಲ್ಲ ಎಂದೂ ಎನ್ನಬಹುದು. ಏನು ಮಾಡುತ್ತಿದ್ದೀರಿ ಎಂದು ಮಲ್ಲಿಕಾ ಕೇಳಿದಳು.

ಹೂವಪ್ಪನವರು ಹೇಳಿದಂತೆ ಬರೆಸಿದರೆ ಯಾರಿಗೂ ನಷ್ಟವಿಲ್ಲ, ಚಪ್ಪಲಿಯೊಂದನ್ನು ಎತ್ತಿಟ್ಟರೆ ಸಾಕು. ಅಷ್ಟು ಸುಲಭವಾದದ್ದೇ ನನ್ನನ್ನು ಹೆದರಿಸಿತು. ಇದ್ದದ್ದನ್ನು ಇದ್ದಂತೆ ಬರೆಸಿದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ನನ್ನ ಮೇಲೆ ಬೀಳುತ್ತವೆ, ಇರುವ ಮನೆಯನ್ನು ಮಾರಬೇಕಾಗಬಹುದು ಎಂಬುದೂ ಗೊತ್ತಿದೆ. ಆ ಭಯ ಇದನ್ನು ಹೇಳುವಾಗಲೂ ಹೋಗಿಲ್ಲ.

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡವರು ಮೊದಲು ‘ಸರೋಜ ಕಾರಿನಿಂದ ಇಳಿದಿದ್ದರು’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ ‘ಇಳಿಯುತ್ತಿದ್ದರು, ಎಡಗಾಲು ನೆಲದ ಮೇಲೆ, ಬಲಗಾಲು ಕಾರಿನೊಳಗೆ ಇತ್ತು’ ಎಂದು ತಿದ್ದಿಸಿದ್ದೇನೆ. ಚಪ್ಪಲಿ ಇದ್ದಲ್ಲೇ ಇದೆ. ಕಾರಿನ ಕೀಲಿಯನ್ನು ಠಾಣೆಯ ಮೇಜಿನ ಮೇಲೆ ಇಟ್ಟಿದ್ದೇನೆ.

ಇಷ್ಟನ್ನು ನನಗೆ ಓದಿ ಹೇಳಿ, ಆಯ್ತಾ ಎಂದು ಕೇಳಿದರು. ನಾನು ಆ ಮಾತನ್ನು ಬಳಸದೆ, ನಡೆದದ್ದು ಹೀಗೆಯೇ, ನಿಜ ಎಂದು ಹೇಳಿ ಕೆಳಗೆ ಸಹಿ ಹಾಕಿದ್ದೇನೆ.

ಸ್ಥಳ: ಕೊಪ್ಪ
ದಿನಾಂಕ: 15-09-2025

(ಸಹಿ)
ದತ್ತಮೂರ್ತಿ