ಎರಡು ಕ್ಯಾಮೆರಾಗಳ ಮದುವೆ ಫೋಟೋ

"ನಿನ್ನ ಮದುವೆ ಫೋಟೋ ನಾನೇ ತೆಗೀತೀನಿ" ಎಂದು, ಹೊಸದಾಗಿ ಮದುವೆಯಾದ ಆ ಹುಡುಗಿ ಚಿಕ್ಕವಳಿದ್ದಾಗಲೇ ಅವಳ ಚಿಕ್ಕಪ್ಪ ಮಾತು ಕೊಟ್ಟಿದ್ದರಂತೆ. ಸ್ಟುಡಿಯೋದ ಸರದಿಯಲ್ಲಿ ಮಗುವನ್ನು ಹೊತ್ತು ನಿಂತಿದ್ದ ನರ್ಸ್‌ಗೆ, ಮುಂದಿದ್ದ ಆ ಇಬ್ಬರ ಮಾತಿನಿಂದಲೇ ಇದು ತಿಳಿಯಿತು.

"ನಿಜ ಹೇಳು ಚಿಕ್ಕಪ್ಪ, ಏನು ಎಡವಟ್ಟು ಮಾಡ್ದೆ?"

"ಹೊಸ ಕ್ಯಾಮೆರಾದಲ್ಲಿ ರೋಲ್ ಮುಗೀತು ಅಂತ ಹಳೇ ಕ್ಯಾಮೆರಾ ಎತ್ಕೊಂಡೆ ಕಣೇ. ಹೊಸದು ಬೆಳಕನ್ನ ತಾನೇ ನೋಡ್ಕೊಳ್ಳುತ್ತೆ, ಹಳೇದಕ್ಕೆ ಬೆಳಕಿನ ಅಳತೆ ನಾನೇ ತಿರುಗಿಸಿ ಇಡ್ಬೇಕು. ಮರೆತೇಬಿಟ್ಟೆ. ಕತ್ತಲೆ ಕೋಣೆಗೆ ಇಟ್ಟಿದ್ದನ್ನೇ ಅಂಗಳಕ್ಕೂ ಇಟ್ಟು ತೆಗ್ದೆ."

"ಅಯ್ಯೋ, ನಮ್ಮ ಯಜಮಾನ್ರು ಬಿಳೀ ದೆವ್ವ ಆಗಿರ್ತಾರೆ!"

"ಬೆಳಕು ಹೆಚ್ಚಾದ್ರೆ ಫಿಲ್ಮು ತಡ್ಕೊಳ್ಳುತ್ತೆ. ಕಡಿಮೆಯಾದ್ರೇ ಕಷ್ಟ."

ಅಂಗಡಿಯವಳು ಚಾಚಿದ ಲಕೋಟೆಯನ್ನು ಹುಡುಗಿ ಕಿತ್ತುಕೊಂಡಳು.

"ನೋಡು, ನೋಡು! ಇವ್ರ ಮೂಗಿನ ಮಚ್ಚೇನೂ ಕಾಣ್ತಿದೆ!"

"ನಾ ಹೇಳ್ಲಿಲ್ವಾ?"

"ಹೇಳೋವಾಗ ದೇವ್ರನ್ನ ನೆನೀತಿದ್ದೆ, ಸುಮ್ನಿರು."

ಇಬ್ಬರೂ ನಗುತ್ತಾ ಮೆಟ್ಟಿಲಿಳಿದರು. ಕೊಟ್ಟ ಮಾತಿನಂತೆ ಮದುವೆಯ ಫೋಟೋ ಚಿಕ್ಕಪ್ಪನೇ ತೆಗೆದಿದ್ದರು.