ಚೀಟಿಯ ಮೇಲಿನ ಹೆಸರು

ದಿಂಡಿಗಲ್ಲಿನ ಬಂಡಿಪೇಟೆಯಲ್ಲಿ ಆಂಡಿಪಟ್ಟಿಯ ಬಂಡಿಗೆ ಕಾದು ಕೂತಿದ್ದ ಕರುಪ್ಪಾಯಿಯ ಕಿವಿ ಚುರುಕಾಯಿತು. ಅಷ್ಟು ತಮಿಳಿನ ಗದ್ದಲದಲ್ಲಿ ಯಾರೋ ಅವಳ ಮನೆಮಾತಾದ ಕನ್ನಡ ಆಡುತ್ತಿದ್ದರು. ಈ ಊರಿಗೆ ಬಂದಮೇಲೆ ಅವಳು ಅದನ್ನು ಕೇಳಿಯೇ ಇರಲಿಲ್ಲ. ಹಿಂದಿನ ಕಲ್ಲಿನ ಮೇಲೆ ಒಬ್ಬ ಮುದುಕ, ಪಕ್ಕದಲ್ಲೊಬ್ಬ ನಡುವಯಸ್ಸಿನವನು. ಮುದುಕನ ಕೈಯಲ್ಲಿ ಬಾಟಲಿಗೆ ಅಂಟಿಸುವ ಬಣ್ಣದ ಚೀಟಿಗಳು.

“ಮಾಮ, ದ್ರಾಕ್ಷಿ ಗೊಂಚಲ ಚಿತ್ರದ ಕೆಳಗೆ ನಮ್ಮಕ್ಕನ ಹೆಸರು ಬರ್ಸಿದೀರಿ.”

“ಪೆರಿಯಾರ್ ಕಾಲುವೆ ನೀರು ಬಂದ ವರ್ಷ ಬಳ್ಳಿ ನೆಟ್ಟೋಳು ಅವಳೇ ತಾನೇ, ವೇಲು.”

“ದ್ರಾಕ್ಷಿ ಮದ್ಯ ಮಾರ್ತೀರಾ?”

“ಮಾರೋ ಅಷ್ಟು ಎಲ್ಲಾಯ್ತದೆ? ಒಂದು ಜಾಡಿ. ಮನೇಲಿ ನಾನೇ ಕುಡಿಯೋದು.”

“ನೀವೊಬ್ರೇ ಕುಡಿಯೋದಕ್ಕೆ ಚೀಟಿ ಯಾತಕ್ಕೆ?”

ಮುದುಕ ಒಂದು ಚೀಟಿ ಎಳೆದು ಮೊಣಕಾಲ ಮೇಲೆ ಹರವಿದ.

“ಅವಳಿದ್ದಾಗ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ. ‘ಏ ಪುಳ್ಳೆ, ಏ ಹುಡುಗಿ’ ಅಂದ್ರೆ ಬಂದ್ಬಿಡೋಳು.”

“ಹೆಂಡ್ತೀನ ಹೆಸರು ಹಿಡಿದು ನಮ್ಮಲ್ಲಿ ಯಾರು ಕರೀತಾರೆ, ಮಾಮ?”

“ಈಗ ಕರೀಬೇಕು ಅನ್ನಿಸ್ತದೆ. ಬಾಯಿ ಏಳಲ್ಲ. ಓದೋಕೆ ಬರದಿದ್ರೂ, ಕಣ್ಣ ಮುಂದಿದ್ರೆ ಬಂದೀತು ಅಂತ.”

“ಈಗ ಕರೀರಿ ನೋಡೋಣ. ಇಲ್ಲಿ ನಮ್ಮ ಮಾತು ಯಾರಿಗೆ ತಿಳೀತದೆ?”

ಕರುಪ್ಪಾಯಿ ಮಾತು ತಿಳಿಯದವಳಂತೆ ಮುಖ ತಿರುಗಿಸಿಕೊಂಡಳು.

ಮುದುಕ ಅಕ್ಷರದ ಮೇಲೆ ಬೆರಳಿಟ್ಟ. ತುಟಿ ಅಲುಗಿತು, ಅಷ್ಟೇ.

“ನೀನೇ ಓದು.”

“ತಿಮ್ಮಕ್ಕ.”

“ಇನ್ನೊಂದ್ಸಲ.”

ಗೂಡಲೂರಿನ ಬಂಡಿ ಬಂತು, ಇಬ್ಬರೂ ಹತ್ತಿದರು. ಬಂಡಿ ಬೀದಿಯ ಕೊನೆ ಮುಟ್ಟುವವರೆಗೂ ವೇಲು ಓದುವ ದನಿ ಅವಳಿಗೆ ಕೇಳುತ್ತಿತ್ತು. ಮುದುಕನದು ಕೇಳಲಿಲ್ಲ.